ಗೀರು ಬಿದ್ದ ತಟ್ಟೆ

ಗುರುವಾರ, ಮಧ್ಯಾಹ್ನ
ಅಂಗಡಿ, ಗಲ್ಲಾಪೆಟ್ಟಿಗೆಯ ಹಿಂದೆ

ಡ್ರಮ್ಮು,

ಹೀಗೆ ಶುರು ಮಾಡಿದ್ದಕ್ಕೆ ಸಿಟ್ಟಾಗಬೇಡ. ಮೊದಲು ‘ಪ್ರೀತಿಯ’ ಎಂದು ಬರೆದು ನೋಡಿದೆ, ವಿಮೆಯವರು ಕಂತು ನೆನಪಿಸಲು ಬರೆದ ಹಾಗೆ ಕಂಡಿತು. ಹರಿದು ಹಾಕಿದೆ. ಮದುವೆಯಾದ ಹೊಸದರಲ್ಲಿ ನೀನು ಪಾತ್ರೆ, ಮೇಜು, ನನ್ನ ಬೆನ್ನು, ಯಾವುದನ್ನೂ ಬಿಡದೆ ಎರಡು ಚಮಚದಲ್ಲಿ ಬಾರಿಸುತ್ತಿದ್ದೆಯಲ್ಲ, ಆಗ ಇಟ್ಟ ಹೆಸರೇ ಇರಲಿ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ನೀನಿನ್ನೂ ಹೇಳಿಲ್ಲ.

ನಿಮ್ಮಣ್ಣ ನಿನ್ನೆ ಫೋನ್ ಮಾಡಿದ್ದರು. ಭಾವನ ವರಸೆ ನಿನಗೆ ಗೊತ್ತೇ ಇದೆ, ಮೊದಲು ಬಿಸಿಲು, ಆಮೇಲೆ ಮೊಣಕಾಲು, ಕೊನೆಗೆ ವಿಷಯ. ವಿಷಯ ಇಷ್ಟೇ. ಬರುವ ಭಾನುವಾರ ಅಂಗಡಿಯ ವ್ಯಾನಿನಲ್ಲಿ ನಿನ್ನ ಹಾಡಿನ ರೆಕಾರ್ಡುಗಳನ್ನೆಲ್ಲ ನೀನಿರುವ ಅವರ ಮನೆಗೆ ಕಳಿಸಿಬಿಡಬೇಕಂತೆ. ಮಹಡಿಯ ಕೋಣೆಯಲ್ಲಿ ಬಡಗಿಯನ್ನು ಕರೆಸಿ ಗೋಡೆಯುದ್ದಕ್ಕೂ ಕಪಾಟು ಮಾಡಿಸಿದ್ದಾರಂತೆ. ಆಗಲಿ ಎಂದೆ. ಫೋನಿಟ್ಟ ಮೇಲೆ ಮಾತಿನ ತೂಕ ಗೊತ್ತಾಯಿತು. ಬಟ್ಟೆಬರೆ ಕೇಳಿ ಕಳಿಸಿದ್ದರೆ ಮುನಿಸು ಇನ್ನೂ ಇಳಿದಿಲ್ಲ ಅಂದುಕೊಳ್ಳುತ್ತಿದ್ದೆ. ನೀನು ರೆಕಾರ್ಡು ಕೇಳಿದ್ದೀಯ. ಗೋಡೆಗೆ ಮೊಳೆ ಹೊಡೆಸಿದವಳು ವಾಪಸು ಬರುವ ಅಂದಾಜಿನಲ್ಲಿಲ್ಲ.

ಅದೇನೋ, ನೀನು ಹೊರಟ ದಿನ ನಾನು ಹೀಗೆ ಯೋಚಿಸಿರಲಿಲ್ಲ. ಕೈಚೀಲದಲ್ಲಿ ಒಂದೆರಡು ಜೊತೆ ಬಟ್ಟೆ, ಕನ್ನಡಕದಂಗಡಿಗೆ ಹಾಕಿಕೊಂಡು ಹೋಗುವ ಬಿಳಿ ಕೋಟು, ಅಷ್ಟೇ ಇದ್ದದ್ದು. ವಾರ ಕಳೆದ ಮೇಲೆ, ಮನೆ ಬಿಕೋ ಎನ್ನುತ್ತಿದೆ, ಏನಾದರೂ ಹಾಕೋಣ ಎಂದು ಪ್ಲೇಯರಿನ ಮುಚ್ಚಳ ತೆಗೆದೆ. ಸೂಜಿ ಇಲ್ಲ! ಗೋಡೆ ತುಂಬ ಹಾಡು ಬಿಟ್ಟು, ಅದು ಬಾಯಿ ಬಿಡುವ ದಾರಿಯನ್ನು ಮಾತ್ರ ಕಿತ್ತುಕೊಂಡು ಹೋಗಿದ್ದೀಯ. ವ್ಯಾನು ನಿಲ್ಲಿಸಿ ಬೀಗದ ಕೈ ಒಯ್ದ ಹಾಗೆ. ಎದುರಿನ ಅಂಗಡಿಯವನ ಹತ್ತಿರ ಇಷ್ಟು ವರ್ಷ ಪೈಪೋಟಿ ಮಾಡಿದ್ದೇನೆ, ಅವನಿಗೂ ಇಂಥ ಪಟ್ಟು ಹೊಳೆದಿಲ್ಲ. ಸಿಟ್ಟು ಬಂತು, ಜೊತೆಗೆ ಭಲೇ ಎಂದೂ ಅನ್ನಿಸಿತು.

ಜಗಳವನ್ನು ಮತ್ತೆ ಬಿಚ್ಚುವುದಿಲ್ಲ. ಬಿಚ್ಚಿದರೆ ಇಬ್ಬರಿಗೂ ಅವರವರ ನ್ಯಾಯ ಸಿಗುತ್ತದೆ. ಎರಡನೇ ಟೈರಂಗಡಿ ತೆರೆಯುವ ದಿನವನ್ನು ನಾನು ನಿನ್ನ ಕೇಳದೆ ಗೊತ್ತು ಮಾಡಿದೆ. ಅದೇ ದಿನ ನಿನ್ನ ಮೆಚ್ಚಿನ ಹಾಡಿನ ತಂಡದ ಕಾರ್ಯಕ್ರಮವಿತ್ತು. ನಾಲ್ವರೂ ಜಗಳವಾಡಿ ಬೇರೆಯಾಗಿ, ಕೂದಲು ನೆರೆತ ಮೇಲೆ ಮೊದಲ ಸಲ ಒಟ್ಟಿಗೆ ನುಡಿಸುತ್ತಿದ್ದರು. ನೀನು ಅಲ್ಲಿಗೆ ಹೋದೆ. ಹಾಡುವವನ ಗಂಟಲು ಕೈಕೊಟ್ಟು ಕಾರ್ಯಕ್ರಮ ಮುಂದಕ್ಕೆ ಹೋಯಿತು. ನೀನು ಮುಖ ಸಣ್ಣದು ಮಾಡಿಕೊಂಡು, ತಂಡದ ಹೆಸರಿರುವ ಅದೇ ಕಪ್ಪು ಅಂಗಿಯಲ್ಲಿ, ನೇರ ನನ್ನ ಹೊಸ ಅಂಗಡಿಗೆ ಬಂದೆ. ಬರಬೇಕೆಂದೇನೂ ಇರಲಿಲ್ಲ, ಬಂದೆ. ನಾನೋ, ನೆಂಟರೂ ಗಿರಾಕಿಗಳೂ ತುಂಬಿದ್ದಾರೆ, ನಗಿಸೋಣ ಅಂದುಕೊಂಡು ಬಾಯಿ ಬಿಟ್ಟೆ.

“ಇವಳ ಆ ಗೋಡೆ ಒಂದು ಖಾಲಿಯಾದ್ರೆ ಮೂರನೇ ಅಂಗಡಿಗೆ ಆಗೋಷ್ಟು ಟೈರು ಮನೇಲೇ ಇಡಬಹುದು ನೋಡಿ.”

ಎಲ್ಲರೂ ನಕ್ಕರು. ನೀನು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತಿನ ವ್ಯಾಪಾರ ನನಗೆ ಗೊತ್ತಿಲ್ಲ, ಮಾತಿನ ವ್ಯಾಪಾರದಲ್ಲಿ ಮಾತ್ರ ಅವತ್ತು ನಷ್ಟವಾಯಿತು.

ನೀನು ಹೋದ ಮೇಲೆ, ಉರಿಯಲ್ಲೇ, ಹಳೆ ರೆಕಾರ್ಡು ಕೊಳ್ಳುವ ವ್ಯಾಪಾರಿಯೊಬ್ಬನನ್ನು ಮನೆಗೆ ಕರೆಸಿದೆ. ಮಾರುವುದಕ್ಕಲ್ಲ, ಇದೆಲ್ಲ ಎಷ್ಟು ಬಾಳುತ್ತದೆ ಎಂದು ತಿಳಿಯುವುದಕ್ಕೆ. (ಮಾರುವುದಕ್ಕೇ ಇರಬಹುದು. ನಿನ್ನ ಹತ್ತಿರ ಸುಳ್ಳೇಕೆ.) ಜುಟ್ಟು ಕಟ್ಟಿಕೊಂಡ ಆಸಾಮಿ, ನಮಗಿಂತ ಚಿಕ್ಕವನು. ಒಳಗೆ ಬಂದವನು ನನ್ನನ್ನು ಮಾತಾಡಿಸಲೇ ಇಲ್ಲ. ಗೋಡೆಯ ಮುಂದೆ ನಿಂತು ಹಾಗೇ ತಲೆ ಓರೆ ಮಾಡಿದ. ನೀನು ಮಾಡುವ ಹಾಗೆಯೇ. ಒಂದೊಂದನ್ನೂ ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ವಾಲಿಸಿ ನೋಡುತ್ತಿದ್ದ. ಆಮೇಲೆ ಕೇಳಿದ, ಇದನ್ನು ಇಟ್ಟುಕೊಂಡವರು ಯಾರು, ಒಂದರ ಮೇಲೂ ಬೆರಳಿನ ಗುರುತಿಲ್ಲವಲ್ಲ ಎಂದು. ನನ್ನ ಹೆಂಡತಿ, ಕನ್ನಡಕಕ್ಕೆ ಗಾಜು ಕೂರಿಸುವವಳು ಎಂದೆ. ಹೇಳುವಾಗ ನನ್ನ ದನಿ ಯಾಕೆ ಅಷ್ಟು ದೊಡ್ಡದಾಯಿತೋ ಗೊತ್ತಿಲ್ಲ.

ಒಂದನ್ನು ಮಾತ್ರ ಅವನು ಪಕ್ಕಕ್ಕೆ ಇಟ್ಟ. ನಿನ್ನ ತಂಡದ್ದೇ, ಯಾವುದೆಂದು ಹೇಳಬೇಕಿಲ್ಲ. ಮೊದಲ ಬಾಡಿಗೆ ಮನೆಗೆ ಸಾಮಾನು ಸಾಗಿಸುವಾಗ, ವ್ಯಾನಿನ ತಿರುವಿನಲ್ಲಿ ಜಾಕು ಉರುಳಿ ಗೀರು ಬಿದ್ದದ್ದು. ಅವತ್ತು ನೀನು ಊಟ ಮಾಡಲಿಲ್ಲ. ಮಾರನೇ ದಿನ ನಾನು ಹೊಸದು ತರುತ್ತೇನೆ ಎಂದು ಹೊರಟರೆ ನಿನ್ನ ಉತ್ತರ ಇನ್ನೂ ಕಿವಿಯಲ್ಲಿದೆ.

“ಒಂದು ಗೀರು ಬಿತ್ತು ಅಂತ ಬೇರೆ ತರೋಕೆ ಇದೇನು ನಿಮ್ಮ ಟೈರಾ?”

ಅಲ್ಲಿಂದ ಆ ಹಾಡು ನಮ್ಮ ಮನೆಯಲ್ಲಿ ಎಗರಿಕೊಂಡೇ ಬೆಳೆಯಿತು. ಎರಡನೇ ಚರಣದಲ್ಲಿ ಹಾಡುವವನು ‘ಹೊರಟೆ ನಾನು’ ಎನ್ನುತ್ತಾನೆ, ಸೂಜಿ ಟಕ್ಕೆಂದು ಹಾರುತ್ತದೆ, ‘ದೀಪ ಆರಿಸಬೇಡ’ ಎನ್ನುತ್ತಾನೆ. ನಡುವೆ ಒಂದು ಸಾಲು ಮಾಯ. ಪ್ರತಿ ಭಾನುವಾರ ಬೆಳಗ್ಗೆ ನಾನು ಪೇಪರು ಮಡಚಿದ ಸದ್ದೂ ಮಾಡದೆ ಕೂರಬೇಕಿತ್ತು. ಒಂದು ಮಗ್ಗುಲು ಮುಗಿಯುವ ತನಕ ಮಾತಿಲ್ಲ, ನಡುವೆ ಸೂಜಿ ಎತ್ತುವಂತಿಲ್ಲ, ಹೊಸ ರೆಕಾರ್ಡಾದರೆ ಮೊದಲ ಸಲ ನಿಂತೇ ಕೇಳಬೇಕು. ನಿನ್ನ ಶಾಸ್ತ್ರಗಳು! ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನೀನು ಅಂದುಕೊಂಡೆ, ನಾನು ತಿಂಡಿಗೆ ಕಾಯುತ್ತಿದ್ದೇನೆ ಎಂದು ನಾನು ಅಂದುಕೊಂಡೆ.

ಜುಟ್ಟಿನವನು ಹೇಳಿದ, ಇದಕ್ಕೆ ಬೆಲೆಯಿಲ್ಲ, ನಡುವೆ ಮುಳ್ಳು ಕೂರಿಸಿ ಗೋಡೆಗಡಿಯಾರ ಮಾಡಿಸಿಕೊಳ್ಳಿ ಎಂದು. ಬೇಕಾದರೆ ತನ್ನ ಅಂಗಡಿಯಲ್ಲಿ ಇದೇ ರೆಕಾರ್ಡು ಗೀರಿಲ್ಲದ್ದು ಇದೆ, ಬಂದು ಕೇಳಿ ಎಂದ. ಹೋದೆ. ಕಿವಿಗೆ ಅವನ ಹೆಡ್‌ಫೋನು ಹಾಕಿಕೊಂಡು ನಿಂತೆ. ನಿಂತೇ ಕೇಳಿದೆ, ಗಮನಿಸು. ಚರಣ ಬಂತು. ‘ಹೊರಟೆ ನಾನು’ ಎಂದ. ಸೂಜಿ ಹಾರಲಿಲ್ಲ. ‘ಕಾಯಬೇಡ, ಮರಳಿ ಬರುವವನಲ್ಲ’ ಎಂದ. ಆಮೇಲೆ ದೀಪ.

ಡ್ರಮ್ಮು, ಇಷ್ಟು ವರ್ಷದಲ್ಲಿ ಆ ಸಾಲು ನಮ್ಮ ಮನೆಯೊಳಗೆ ಬಂದಿರಲಿಲ್ಲ. ಹೆಡ್‌ಫೋನು ತೆಗೆದಿಟ್ಟೆ. ರೆಕಾರ್ಡು ಕೆಟ್ಟಿದೆ, ನಮ್ಮದೇ ಸರಿ ಎಂದೆ. ಅವನು ನನ್ನ ಮುಖ ನೋಡಿದ. ಕೊಳ್ಳುವ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಈಗ ಸಾಗಣೆಯ ವಿಷಯ. ಎಲ್ಲವನ್ನೂ ನಾನೇ ಕಟ್ಟಿದ್ದೇನೆ, ಕೆಲಸದವರ ಕೈಗೆ ಕೊಟ್ಟಿಲ್ಲ. ಒಂದರ ಮೇಲೊಂದು ಪೇರಿಸಿಲ್ಲ, ನಿಲ್ಲಿಸಿದ್ದೇನೆ. ಇದಕ್ಕೆ ನೀನು ಹೊಗಳಬೇಕಿಲ್ಲ. ರಿಮ್ಮಿಲ್ಲದ ಟೈರನ್ನೂ ನಿಲ್ಲಿಸಿಯೇ ಇಡುವುದು, ಮಲಗಿಸಿ ಪೇರಿಸಿದರೆ ಕೆಳಗಿನದು ಸೊಟ್ಟಗಾಗುತ್ತದೆ. ನೀನು ನೂರು ಸಲ ಹೇಳಿದ್ದು ನನ್ನ ಕಸುಬಿನ ಪಾಠವೇ ಎಂದು ಈಗ ಹೊಳೆಯುತ್ತಿದೆ. ನಾನು ಕಪ್ಪಗೆ ಗುಂಡಗಿರುವುದನ್ನು ಮಾರಿ ಮೇಲೆ ಬಂದೆ, ನೀನು ಕಪ್ಪಗೆ ಗುಂಡಗಿರುವುದನ್ನು ಕೊಂಡು ಗೋಡೆ ತುಂಬಿಸಿದೆ. ಇಬ್ಬರದೂ ಗೆರೆಯ ಮೇಲೆಯೇ ಬದುಕು. ನನ್ನದು ಸವೆದರೆ ಎಸೆಯುತ್ತಾರೆ, ನಿನ್ನದು ಸವೆದಷ್ಟೂ ಮುದ್ದಿಸುತ್ತಾರೆ. ವ್ಯತ್ಯಾಸ ಅಷ್ಟೇ.

ಇನ್ನೊಂದು. ಮುಂದಕ್ಕೆ ಹೋಗಿದ್ದ ಆ ಕಾರ್ಯಕ್ರಮ ಕಳೆದ ಶನಿವಾರ ನಡೆಯಿತಲ್ಲ, ನಾನೂ ಅಲ್ಲಿದ್ದೆ. ತಪ್ಪು ತಿಳಿಯಬೇಡ, ವ್ಯಾಪಾರಕ್ಕೆ. ಮೈದಾನದ ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ನಮ್ಮ ಅಂಗಡಿಯಿಂದ ಪುಕ್ಕಟೆ ಗಾಳಿ ಹಾಕಿಕೊಡುವ ಏರ್ಪಾಡು ಮಾಡಿದ್ದೆ. ಎಷ್ಟು ಜನ! ನಿನ್ನ ವಯಸ್ಸಿನವರು, ನಿನ್ನದೇ ಕಪ್ಪು ಅಂಗಿ ತೊಟ್ಟವರು. ಬೋಳು ಟೈರಿನಲ್ಲಿ ಅಷ್ಟು ದೂರದಿಂದ ಬಂದಿದ್ದಾರೆ, ಒಬ್ಬರಿಗೂ ಪ್ರಾಣಭಯವಿಲ್ಲ. ಒಬ್ಬ ಅಜ್ಜ ಮೊಮ್ಮಗಳನ್ನು ಕರೆತಂದಿದ್ದ. ಯಾಕಜ್ಜ ಈ ವಯಸ್ಸಲ್ಲಿ ಎಂದರೆ, ಅವನು ನನ್ನ ಪಂಪಿನ ಕೊಳವೆ ನೋಡಿ, ನೀನು ಟೈರಿಗೆ ತುಂಬಿಸ್ತೀಯ, ಅವರು ನನಗೆ ತುಂಬಿಸ್ತಾರೆ ಎಂದ. ಅವನ ಸ್ಟೆಪ್ನಿಗೂ ಗಾಳಿ ಹಾಕಿಕೊಟ್ಟೆ.

ಹಾಡು ಗೋಡೆಯಾಚೆಯಿಂದ ಅಷ್ಟಿಷ್ಟು ಕೇಳಿಸುತ್ತಿತ್ತು. ನಿನ್ನ ಡ್ರಮ್ಮಿನವನಿಗೆ ವಯಸ್ಸಾಗಿದೆ, ಹಾಡು ಹಾಡಿಗೂ ಹಳದಿ ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾನೆ, ಆದರೆ ಕೈ ಮಾತ್ರ ಗಡಿಯಾರ. ಕಿವಿ ಎರಡು ದಿನ ಗುಂಯ್‌ಗುಟ್ಟಿತು. ಇದಕ್ಕಾಗಿ ನೀನು ಅವತ್ತು ನನ್ನ ಹೊಸ ಅಂಗಡಿ ಬಿಟ್ಟು ಹೋದದ್ದು ಸರಿಯೇ ತಪ್ಪೇ ಎಂದು ನಾನು ತೂಗಿ ನೋಡಲಿಲ್ಲ. ತಕ್ಕಡಿ ಮನೆಯಲ್ಲೇ ಬಿಟ್ಟಿದ್ದೆ.

ಹಾಗಾಗಿ ಭಾನುವಾರ ವ್ಯಾನು ಬರುತ್ತದೆ. ಕಪಾಟು ಖಾಲಿ ಬಿಡುವುದು ಬೇಡ ಎಂದು ಭಾವನಿಗೆ ಹೇಳು. ಎಲ್ಲ ಇದೆ, ಒಂದು ಬಿಟ್ಟು. ಗೀರಿನದು ಕೊಡುವುದಿಲ್ಲ. ಅದಕ್ಕೆ ಬೆಲೆಯಿಲ್ಲ ಎಂದು ತಿಳಿದವರೇ ಹೇಳಿದ್ದಾರೆ, ಆದ್ದರಿಂದ ನಿನಗೆ ನಷ್ಟವೂ ಇಲ್ಲ. ಗಡಿಯಾರ ಮಾಡಿಸುವುದಿಲ್ಲ, ಹೆದರಬೇಡ. ನಿನ್ನ ಹತ್ತಿರ ಸೂಜಿ ಇರಲಿ, ನನ್ನ ಹತ್ತಿರ ತಟ್ಟೆ ಇರಲಿ. ಇಬ್ಬರೂ ಸುಮ್ಮನೆ ಇರೋಣ.

ಗೋಡೆ ಖಾಲಿಯಾಗಿದೆ. ಟೈರು ಇಡಬಹುದು. ಇಡುವುದಿಲ್ಲ.

ಇಂತಿ,
ಟೈರಪ್ಪ
(ಬೋರ್ಡಿನ ಮೇಲಿನ ಹೆಸರು ಗಿರಾಕಿಗಳಿಗೆ. ಇದು ನೀನಿಟ್ಟದ್ದು.)

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗೋಡೆಯಾಚೆ ನಿಂತವನಿಗೆ ಹಳದಿ ಟವಲು ಹೇಗೆ ಕಂಡಿತು ಎಂದು ನೀನು ಇಷ್ಟರಲ್ಲಿ ಕೇಳಿರುತ್ತೀಯ. ಪಂಪನ್ನು ಡ್ರೈವರಿಗೆ ಕೊಟ್ಟು ಟಿಕೆಟ್ಟು ತೆಗೆದುಕೊಂಡು ಒಳಗೆ ಬಂದಿದ್ದೆ. ನಿನ್ನ ಹಿಂದೆಯೇ ಇದ್ದೆ, ನಡುವೆ ಎರಡು ಸಾಲು ಜನ. ಮೈದಾನಕ್ಕೆ ಮೈದಾನವೇ ‘ಕಾಯಬೇಡ’ ಎಂದು ಹಾಡುತ್ತಿದ್ದಾಗ ನೀನೊಬ್ಬಳು ‘ದೀಪ ಆರಿಸಬೇಡ’ ಎಂದು ಮುಂದಕ್ಕೆ ಹಾರಿದ್ದನ್ನು ಕೇಳಿದೆ. ಸಾಲು ನಿನಗೆ ಬರುವುದಿಲ್ಲ ಎಂದಲ್ಲ, ನಾಲಿಗೆ ನಮ್ಮ ಮನೆಯದು. ಅದೇ ಹೊತ್ತಿಗೆ ನಾನೂ ಹಾರಿದ್ದೆ. ನನ್ನ ಪಕ್ಕದವಳು ತಿರುಗಿ, “ಹಾಡು ಕಲ್ತುಕೊಂಡು ಬರಬಾರದಾ ಅಂಕಲ್” ಅಂದಳು. ನೀನು ತಿರುಗಲಿಲ್ಲ. ಆದರೆ ನಿನ್ನ ಕೈ ಬಾರಿಸುವುದನ್ನು ನಿಲ್ಲಿಸಿತು, ಹೆಗಲು ಕುಲುಕಿತು. ನಕ್ಕೆಯೋ, ಅತ್ತೆಯೋ, ಹಿಂದಿನಿಂದ ಗೊತ್ತಾಗಲಿಲ್ಲ. ಕರೆಯುವ ಧೈರ್ಯ ಬರಲಿಲ್ಲ.

ಭಾನುವಾರ ವ್ಯಾನು ಓಡಿಸುವವನು ನಾನೇ. ಹಿಂದುಗಡೆ ನಿನ್ನ ಪೆಟ್ಟಿಗೆಗಳಿವೆ, ಮುಂದಿನ ಸೀಟು ಖಾಲಿ. ಪೆಟ್ಟಿಗೆ ಇಳಿಸುವುದೋ, ನೀನು ಹತ್ತುವುದೋ, ಗೇಟಿನ ಹತ್ತಿರ ನಿಂತು ಹೇಳು. ಇಳಿಸು ಎಂದರೆ ಒಂದೂ ಮಾತಾಡದೆ ಇಳಿಸುತ್ತೇನೆ. ಹತ್ತುವುದಾದರೆ ಸೂಜಿ ಮರೆಯಬೇಡ.