ಲಕ್ಕುಂಡಿಯಿಂದ ಹೊಳ್ಳಿ ಬರೂ ದಾರಿ

೨೧ ಜನವರಿ ೨೦೨೪, ರವಿವಾರ ರಾತ್ರಿ

ಇವತ್ತ ನನ್ನ ಕಾಲು ನೋಯಾಕತ್ತಿಲ್ಲ. ಅದ ಚಿಂತಿ ಆಗೇತಿ.

ಬರೂ ತಿಂಗಳ ಧಾರವಾಡದಾಗ ಓಟ, ಇಪ್ಪತ್ತೊಂದು ಕಿಲೋಮೀಟರ್. ಮೂವರು ಹೆಸರು ಕೊಟ್ಟಿದ್ವಿ. ಯಾಸ್ಮೀನ ಥಂಡಿ ಅಂತ ಆಗಲೇ ಬಿಟ್ಟಾಳ. ಉಳಿದವ್ರು ನಾನು ಮತ್ತ ಸೌಂದರ್ಯಾ. ಪ್ರತಿ ರವಿವಾರ ಬೆಟಗೇರಿಯಿಂದ ಲಕ್ಕುಂಡಿತನಕ ಹತ್ತು ಕಿಲೋಮೀಟರ್ ಓಡ್ತೇವಿ, ಮಿರ್ಚಿ ಭಜಿ ತಿಂತೇವಿ, ಬಸ್ ಹತ್ತಿ ಬರ್ತೇವಿ. ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ ಐತೆಲ್ಲ! ಹೊಳ್ಳಿ ಓಡಿದ್ದು ಒಮ್ಮೆನೂ ಇಲ್ಲ. ಅರ್ಧಾ ಓಡಿ, ತಯಾರಿ ಜೋರ್ ಐತಿ ಅಂತ ಹಿಗ್ಗಿದ್ದ ಹಿಗ್ಗಿದ್ದು.

ಇವತ್ತ ಬಸ್ ಬಂದ ಮ್ಯಾಲೆ ಸೌಂದರ್ಯಾ ಹತ್ತಲಿಲ್ಲ. ಬೂಟಿನ ಲಾಡಿ ಬಿಗದು, "ನಾ ಓಡೇ ಬರ್ತೀನಿ. ನೀನೂ ಬಾ ರುಹಿ" ಅಂದ್ಲು.

"ಹುಚ್ಚಿ ಅದಿಯೇನ? ಬಿಸಲು ಏರೇತಿ" ಅಂತ ನಾ ಹತ್ತಿ, ಕಿಟಕಿ ಕಡೆ ಕುಂತೆ.

ಬಸ್ ಬಿಟ್ಟು ಸ್ವಲ್ಪ ದೂರದಾಗ ಆಕಿ ಓಡ್ತಾ ಕಂಡ್ಲು. ಕಂಡಕ್ಟರು, "ನಿಮ್ಮ ಗೆಳತಿ ಅಲ್ಲೇನವಾ? ನಿಲ್ಲಸೂದೇನು?" ಅಂದ್ರು. "ನಿಲ್ಲಸ್ರಿ" ಅಂದೆ. ಆಕಿ ದಣದಾಳಂತ ಅಲ್ಲ, ಖರೆ ಹೇಳ್ಬೇಕಂದ್ರ. ಆಕಿನೂ ಹತ್ತಿದ್ರ ನನಗ ಸಮಾಧಾನ ಆಗ್ತಿತ್ತು.

ಆಕಿ ಓಟ ನಿಲ್ಲಸಲಿಲ್ಲ. ಹೋಗ್ರಿ ಅಂತ ಕೈ ಬೀಸಿದ್ಲು. ಇಡೀ ಬಸ್ಸಿನ ಮಂದಿ ಆಕಿನ್ನ ನೋಡಿದ್ರು. ಆಮ್ಯಾಲೆ ನನ್ನ ನೋಡಿದ್ರು.

ಬರೂ ರವಿವಾರ ಕರೀತಾಳೋ ಇಲ್ಲೋ. ಒಬ್ಬಾಕಿನ ಹೋದ್ರ? ಕರದ್ರ ಮತ್ತ ಏನ ನೆವಾ ಹೇಳ್ಲಿ?

ಮಧ್ಯಾಹ್ನ ಆಕಿ ಮೆಸೇಜ್ ಬಂದೇತಿ: "ಮನಿ ಮುಟ್ಟಿದೆ. ಕಾಲು ಹರದು ಹೋಗಾಕತ್ತಾವು. ನಿನ್ನವು ಹೆಂಗದಾವು?"