ಮೋಡವಿಲ್ಲದ ಬೆಳಿಗ್ಗೆ

ಅಪ್ಪಾ,

ಮಂಡಿನೋವಿಗೆ ಮುಲಾಮು ಕಳಿಸಿದ್ದೇನೆ. ಕಪಾಟಿನಲ್ಲಿಟ್ಟು ಮರೆಯಬೇಡಿ.

ಅಣುಬಾಂಬು ಹಾಕಿದ್ದು ಸರಿಯೇ ಎಂದು ಶಾಲೆಯಲ್ಲಿ ಚರ್ಚಾಸ್ಪರ್ಧೆ. ನಿಮ್ಮ ಮೊಮ್ಮಗಳು ಸರಿ ಎಂದು ವಾದಿಸಬೇಕಂತೆ. "ಯುದ್ಧ ನಿಂತೋಯ್ತಲ್ಲಮ್ಮಾ, ಅಜ್ಜನೂ ಸರಿ ಅಂತಾರಲ್ವಾ?" ಎಂದಳು. ಬಾಂಬು ಬಿದ್ದ ಊರಿನ ಮೇಲೆ ಮೋಡವಿಲ್ಲವೆಂದು ಅಂದು ಬೆಳಿಗ್ಗೆ, ಮೊದಲೇ ಹಾರಿದ ಹವಾಮಾನ ವಿಮಾನದಿಂದ ಬಾಂಬಿನ ವಿಮಾನಕ್ಕೆ ತಿಳಿಸಿದವರು ನೀವೇ ಎಂದು ಅವಳಿಗೆ ಹೇಳಿಲ್ಲ.

ನಾನು ಚಿಕ್ಕವಳಿದ್ದಾಗ ಮೋಡ ಕವಿದರೆ ಅಕ್ಕಪಕ್ಕದವರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ನೀವು ಆಗಲೇ ನನಗೆ "ಹೋಗು, ಆಡ್ಕೋ" ಅನ್ನುತ್ತಿದ್ದಿರಿ. ಬಿಸಿಲು ಬಂದರೆ ಬಾಗಿಲು ಹಾಕುತ್ತಿದ್ದಿರಿ.

ಭಾನುವಾರ ಬರುತ್ತೇವೆ. ಅವಳು ಕೇಳಿದಾಗ ನೀವು ಬಾಯಿಬಿಡದಿದ್ದರೂ ಸರಿ, ನನಗದು ಅಭ್ಯಾಸವಾಗಿದೆ. ಆದರೆ ಆಕಾಶ ತಿಳಿಯಾಗಿದ್ದರೂ ಅವಳನ್ನು ಅಂಗಳಕ್ಕೆ ಬಿಡಿ. ಜೊತೆಗೆ ನಾನಿರುತ್ತೇನೆ. ಸಾಧ್ಯವಾದರೆ ನೀವೂ ಬನ್ನಿ.

ಇಂತಿ,
ಬಾಗಿಲೊಳಗೆ ಬೆಳೆದ ನಿಮ್ಮ ಮಗಳು