ಸೈಲೆನ್ಸರಿನಿಂದ ಕಿತ್ತಿಟ್ಟ ಕೊಳವೆ

ತಮ್ಮಾ,

ಇವತ್ತು ಪಾರ್ಸೆಲ್ ಹಂಚುವವನೊಬ್ಬ ಬ್ರೇಕ್ ಸರಿಮಾಡಿಸಲು ಗ್ಯಾರೇಜಿಗೆ ಬಂದ. ನಿನ್ನದರಂಥದೇ ಬೈಕು. ಕಿವಿ ತೂತಾಗುವಂಥ ಸದ್ದು. ಸೈಲೆನ್ಸರಿನೊಳಗೆ ಸದ್ದು ತಡೆಯುವ ಕೊಳವೆ ಎಲ್ಲಿ ಎಂದು ಕೇಳಿದೆ.

"ಕಿತ್ತು ಬಿಸಾಕ್ದೆ ಅಣ್ಣ. ಸದ್ದು ಜೋರಾಗಿದ್ರೆ ಲಾರಿಯವ್ರು ಹುಷಾರಾಗಿರ್ತಾರೆ."

ನೀನೂ ಇದೇ ಮಾತು ಹೇಳಿದ್ದೆ. ನಿನ್ನ ಬೈಕಿನ ಕೊಳವೆ ಕಿತ್ತದ್ದು ನನ್ನದೇ ಕೈ.

ಬ್ರೇಕ್ ಸರಿಮಾಡಿ ಮುಗಿಸಿದೆ. ರಿಪೇರಿಗೆ ನಿಂತಿದ್ದ ಲಾರಿ ಹತ್ತಿ, ಗಾಜು ಏರಿಸಿ, ಎಂಜಿನ್ ಚಾಲು ಮಾಡಿದೆ. ಅಂಗಳದ ಆ ತುದಿಯಿಂದ ಲಾರಿಯ ಎಡಗಡೆಗೆ ಬೈಕು ಓಡಿಸಿಕೊಂಡು ಬಾ ಎಂದು ಅವನಿಗೆ ಮೊದಲೇ ಹೇಳಿದ್ದೆ. ಉಸಿರು ಬಿಗಿಹಿಡಿದು ಕಾದೆ. ಎಂಜಿನ್ನಿನ ಗುರುಗುರು ಬಿಟ್ಟು ಏನೂ ಇಲ್ಲ. ಅವನ ಸದ್ದು ಕಿವಿಗೆ ಬಿದ್ದಾಗ ಹೆಲ್ಮೆಟ್ಟು ಆಗಲೇ ಬಾಗಿಲ ಪಕ್ಕದಲ್ಲಿತ್ತು.

ನಿನ್ನ ಮೇಲೆ ಹರಿದ ಲಾರಿಯ ಡ್ರೈವರ್ ಅವತ್ತು ಕೈಮುಗಿದು, "ಕೇಳಿಸ್ಲೇ ಇಲ್ಲ ಸಾರ್" ಎಂದಿದ್ದ. ಸುಳ್ಳು ಹೇಳ್ತೀಯಾ ಎಂದು ನಾನು ಅವನ ಕಾಲರ್ ಹಿಡಿದಿದ್ದೆ.

ಆಮೇಲೆ ಪಾರ್ಸೆಲ್‌ನವನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿ, ಅವನ ಬೈಕನ್ನು ನಾನೇ ಓಡಿಸಿ ತೋರಿಸಿದೆ. ಇಳಿದವನ ಮುಖ ಬಿಳಿಚಿಕೊಂಡಿತ್ತು.

"ಹಳೇ ಕೊಳವೆ ಇದ್ರೆ ಹಾಕ್ಕೊಡಿ ಅಣ್ಣ" ಎಂದ.

ಒಂದಿತ್ತು. "ಇಟ್ಟಿರಣ್ಣ, ಬೇಕಾದ್ರೆ ಆಮೇಲೆ ಹಾಕ್ಸ್ಕೋತೀನಿ" ಎಂದು ನೀನು ಹೇಳಿದ್ದೆಯಲ್ಲ, ಅದು. ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಅವನ ಬೈಕಿಗೆ ಸರಿಯಾಗಿ ಕೂತಿತು.

ಅವನು ಸದ್ದಿಲ್ಲದೆ ಗೇಟು ದಾಟಿದ. ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತೆ. ನೀನು ಕೊನೆಯ ಸಲ ಹೊರಟ ದಿನ ನಾನು ಕೆಲಸದಿಂದ ತಲೆ ಎತ್ತಿರಲಿಲ್ಲ. ಸದ್ದು ಕೇಳಿಸುತ್ತಿತ್ತಲ್ಲ.